ಬೆರಳಿಲ್ಲದ ಕಾಲುಚೀಲ

ಯಡಿಯೂರು
೯ ಡಿಸೆಂಬರ್ ೨೦೨೫, ಮಂಗಳವಾರ

ಅಕ್ಕನ ಮುದ್ದಿನ ಮಗಳು ಶುಭಾಳಿಗೆ, ಕೆರೆಯ ಈಚೆ ದಡದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದ.

ಮೊದಲು ಒಂದು ವಿಷಯ ತಿಳಿದುಕೋ. ಈ ಹೊತ್ತು ಇಡೀ ಏಷ್ಯಾ ಖಂಡದಲ್ಲಿ ಕೈಯಿಂದ ಕಾಲುಚೀಲ ಹೆಣೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಪಾರ್ಕಿಗೆ ವಾಕಿಂಗ್ ಬಂದ ಜರ್ಮನಿಯವರೊಬ್ಬರು ನಾನು ಹೆಣೆದ ಹಿಮ್ಮಡಿ ನೋಡಿ ಬಹಳ ಹೊತ್ತು ಮಾತೇ ಆಡಲಿಲ್ಲ. ಅವರಿಗೆ ಕನ್ನಡ ಬರುತ್ತಿರಲಿಲ್ಲ ಎಂದು ನನಗೆ ಹೆಣಿಗೆ ಕಲಿಸಿದ ಇಂದ್ರಾಣಿ ಮೇಡಂ ಹೇಳುತ್ತಾರೆ. ಅದು ಬೇರೆ ವಿಷಯ.

ಫೋನ್ ಮಾಡಬಹುದಿತ್ತು. ಆದರೆ ಬಿಟಿಎಂ ಬಡಾವಣೆಯ ನಿನ್ನ ಪುಟ್ಟ ಮನೆಯಲ್ಲಿ ಫೋನ್ ಎತ್ತುವವಳು ನೀನಾದರೂ ಕೇಳಿಸಿಕೊಳ್ಳುವವಳು ನನ್ನ ಹೆಂಡತಿ, ನಿನ್ನ ಸತ್ಯಭಾಮಾ ಅತ್ತೆ. ಆದ್ದರಿಂದ ಕಾಗದ. ನಮ್ಮ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ನನ್ನ ಅಕ್ಷರ ನೋಡಿ ಮೇಷ್ಟ್ರೇ ನಾಚುತ್ತಿದ್ದರು, ಗೊತ್ತಲ್ಲ.

ಸತ್ಯಭಾಮಾ ಮುನಿಸಿಕೊಂಡು ನಿನ್ನಲ್ಲಿಗೆ ಬಂದ ಕಾರಣ ನಿನಗೆ ಗೊತ್ತಿದೆ. ಆದರೂ ನನ್ನ ಬಾಯಿಂದ ಕೇಳು. ಮಡಿವಾಳದ ಲಾಡ್ಜೊಂದರ ಮೇಲೆ ಆಫೀಸು ಮಾಡಿಕೊಂಡವರು, ಮನೆಯಲ್ಲೇ ಮೆಷಿನ್ ಇಟ್ಟು ಕಾಲುಚೀಲ ಹೆಣೆಯಿರಿ, ಹೆಣೆದಷ್ಟನ್ನೂ ನಾವೇ ಕೊಳ್ಳುತ್ತೇವೆ ಎಂದರು. ಕಾಫಿ ಕೊಟ್ಟರು, ಸಾರ್ ಸಾರ್ ಎಂದರು. ದುಡ್ಡು ಕಟ್ಟಿದೆ. ಬಂದದ್ದು ತಿರುಗದ ಒಂದು ಮೆಷಿನ್, ಎರಡು ಮೂಟೆ ಉಣ್ಣೆ. ಆಮೇಲೆ ಹೋಗಿ ನೋಡಿದರೆ ಆ ಬಾಗಿಲ ಮುಂದೆ ನನ್ನಂಥವರೇ ಹದಿನೈದು ಜನ ಬೀಗದ ಜೊತೆ ಜಗಳವಾಡುತ್ತಿದ್ದರು.

ನಿನ್ನ ಅತ್ತೆಗೆ ನಲವತ್ತು ಸಾವಿರ ಎಂದೆ. ಎದುರುಮನೆ ಚಿನ್ನಪ್ಪನಿಗೆ ಇಪ್ಪತ್ತು ಎಂದಿದ್ದೆ, ನಿನ್ನ ಅಮ್ಮನಿಗೆ ಹದಿನೈದು. ಮೂವರೂ ಒಂದೇ ಗೃಹಪ್ರವೇಶದಲ್ಲಿ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರೆ ನಾನೇನು ಮಾಡಲಿ? ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ಕಥೆ ಮುಗಿದಿತ್ತು. ಮರುದಿನವೇ ಅವಳು ಬ್ಯಾಗು ಹಿಡಿದು ಆಟೋ ಹತ್ತಿದಳು.

ಆ ಉಣ್ಣೆಯನ್ನು ಏನು ಮಾಡುವುದು? ಕೆರೆ ಪಾರ್ಕಿನ ಕಲ್ಲುಬೆಂಚಿನಲ್ಲಿ ದಿನಾ ಹೆಣೆಯುತ್ತಾ ಕೂರುವ ಇಂದ್ರಾಣಿ ಮೇಡಂ ಹತ್ತಿರ ಒಯ್ದೆ. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮಾರೋಕೆ ಬಂದ್ರಾ, ಕಲಿಯೋಕೆ ಬಂದ್ರಾ?” ಎಂದರು. ಕಲಿಯೋಕೆ ಎಂದುಬಿಟ್ಟೆ. ನಾಲ್ಕು ಕಡ್ಡಿಗೆ ಕುಣಿಕೆ ಹಂಚಿ ಐದನೆಯದರಲ್ಲಿ ಸುತ್ತುತ್ತಾ ಹೋಗಬೇಕು. ಮೊದಲ ವಾರ ಕಾಲುಚೀಲದ ಬದಲು ಹೂಜಿ ಬಂತು. ಈಗ ನೋಡು, ಬೆಂಚಿನ ಹೆಂಗಸರೆಲ್ಲ ಹಿಮ್ಮಡಿ ತಿರುಗಿಸುವಲ್ಲಿ ಸಿಕ್ಕಿಕೊಂಡರೆ “ರಾಮಪ್ರಸಾದ್ ಅವ್ರೇ, ಸ್ವಲ್ಪ ನೋಡಿ” ಎನ್ನುತ್ತಾರೆ. ಪುಟ್ಟೀ, ಸುಳ್ಳಲ್ಲ, ಹೆಣೆಯುವಾಗ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅರುವತ್ತೆರಡು ವರ್ಷದಲ್ಲಿ ಯಾವ ಔಷಧಿಯೂ ಮಾಡದ ಕೆಲಸ.

ಕಳೆದ ತಿಂಗಳು ನಿನ್ನ ಕೈಯಲ್ಲಿ ನಿನ್ನ ಅತ್ತೆಗೆ ಕಳಿಸಿದ ನೀಲಿ ಜೊತೆಯ ಗತಿ ನೀನೇ ತಿಳಿಸಿದೆ. ಬೆಳಗಿನ ಚಳಿಗೆ ಹಾಕಿಕೊಂಡಳು, ಕಾಲುಂಗುರಕ್ಕೆ ಎಳೆ ಸಿಕ್ಕಿತು, ಅಡುಗೆಮನೆಯಿಂದ ಬಾಲ್ಕನಿಗೆ ಹೋಗುವಷ್ಟರಲ್ಲಿ ಮುಂಗಾಲು ಬಿಚ್ಚಿಕೊಂಡಿತು. “ಈ ಉಂಗುರ ಹಾಕ್ದೋರೇ ಅವ್ರು ಕಣೇ. ಹಾಕ್ದೋರಿಗೇ ಮರ್ತೋಗಿದೆ ನೋಡು” ಎಂದಳಂತೆ. ನನಗೆ ಬೇಸರವಾಗಲಿಲ್ಲ. ಸ್ವಲ್ಪ ಆಯಿತು.

ಮೂರು ದಿನ ಯೋಚಿಸಿದೆ. ಉಪಾಯ ಹೊಳೆಯಿತು. ಬೆರಳನ್ನು ಮುಚ್ಚುವುದೇ ಬೇಡ. ಬೆರಳಿನ ಬುಡಕ್ಕೆ ಬಿಗಿಯಾದ ಪಟ್ಟಿ ಹೆಣೆದು ಅಲ್ಲಿಗೇ ಮುಗಿಸುವುದು. ಉಂಗುರವೂ ಹೊರಗೆ, ಚಪ್ಪಲಿ ಮೆಟ್ಟುವುದಕ್ಕೂ ಅನುಕೂಲ. ಸಂಸಾರಸ್ಥ ಹೆಂಗಸರಿಗೆ ಇಂಥ ಕಾಲುಚೀಲ ಜಗತ್ತಿನಲ್ಲಿ ಇನ್ನೂ ಯಾರಿಗೂ ಹೊಳೆದಿಲ್ಲ, ಬರೆದಿಟ್ಟುಕೋ.

ಅರಿಶಿನ ಬಣ್ಣದ ಹೊಸ ಜೊತೆ ಪಾದದ ನಡುವಿನ ತನಕ ಬಂದು ನಿಂತಿದೆ. ಹಿಮ್ಮಡಿಯಿಂದ ಬೆರಳಿನ ಬುಡದ ತನಕ ಅವಳ ಪಾದ ಎಷ್ಟುದ್ದ ಎಂದು ನನಗೆ ಗೊತ್ತಿಲ್ಲ. ಅಳೆಯೋಣವೆಂದರೆ ತನ್ನ ಹಳೆಯ ಚಪ್ಪಲಿಯನ್ನೂ ಒಯ್ದಿದ್ದಾಳೆ. ಅದಕ್ಕೇ ಈ ಕಾಗದ. ಮಧ್ಯಾಹ್ನ ಊಟವಾಗಿ ಅವಳು ಒರಗಿಕೊಂಡಾಗ ಒಂದು ದಾರ ಇಟ್ಟು ಅಳೆದು ಕಳಿಸು. ಎದ್ದರೆ ಇರುವೆ ಹತ್ತಿತ್ತು ಎನ್ನು.

ಇನ್ನು ಅವಳ ಹಟದ ವಿಷಯ. “ಎಷ್ಟು ಹೋಯ್ತು ಅಂತ ಸರಿಯಾಗಿ ಹೇಳ್ಲಿ, ಅವತ್ತೇ ಬರ್ತೀನಿ. ದುಡ್ಡು ಹೋಗಿದ್ದಕ್ಕಲ್ಲ ಶುಭಾ, ನನ್ನ ಕಿವಿ ಮೇಲೆ ಹೂವು ಇಟ್ಟಿದ್ದಕ್ಕೆ” ಎಂದು ಹೇಳಿ ಕಳಿಸಿದ್ದಾಳಲ್ಲ. ಹೇಳಿದ್ದೇನಲ್ಲಮ್ಮ, ನಲವತ್ತು ಸಾವಿರ. ಗಂಡಸಿನ ಮಾತು ಒಂದೇ. ಅರಿಶಿನದ ಜೊತೆ ಕಾಲಿಗೇರಿದ ದಿನ ಅವಳು ತಾನಾಗಿ ಯಡಿಯೂರಿನ ಬಸ್ಸು ಹತ್ತುತ್ತಾಳೆ. ಹಾಲಿನವನಿಗೆ ಅರ್ಧ ಲೀಟರ್ ಹೆಚ್ಚಿಗೆ ಹಾಕು ಎಂದು ಇವತ್ತೇ ಹೇಳಿದ್ದೇನೆ.

ನಿನಗೆ ಕೆಂಪು ಜೊತೆ ಖಂಡಿತ. ಕೂದಲಿಗೆ ಎಣ್ಣೆ ಹಾಕಿಕೋ.

ಇಂತು,
ಎರಡು ಮೂಟೆ ಉಣ್ಣೆಯ ಒಡೆಯ,
ನಿನ್ನ ಪ್ರೀತಿಯ ರಾಮಪ್ರಸಾದ ಮಾವ

ತಾಜಾಕಲಂ: ಶುಭಾ, ದಾರ ಬೇಡ. ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ, ಕಟ್ಟಿಕೊಂಡವಳ ಪಾದದ ಅಳತೆಯನ್ನೂ ಕದ್ದು ಕೇಳಿದ್ದೇನೆ. ಈ ಕಾಗದ ಅವಳಿಗೇ ಕೊಡು.

ಸತ್ಯಾ, ಅಳತೆ ನೀನೇ ಹೇಳಿದರೆ ಸರಿ, ಹೇಳದಿದ್ದರೂ ಸರಿ. ನಮ್ಮಿಬ್ಬರ ಹೆಸರಿನ ಠೇವಣಿ ಪತ್ರ ಬೀರುವಿನಲ್ಲೇ ಇದೆ ಎಂದಿದ್ದೆನಲ್ಲ, ಇಲ್ಲ. ಅದನ್ನು ಮುರಿಸಿಯೇ ಕಟ್ಟಿದ್ದು. ಒಂದು ಮೆಷಿನ್ನಿಗಲ್ಲ, ಹತ್ತಕ್ಕೆ. ಒಂಬತ್ತು ಬರಲೇ ಇಲ್ಲ. ಹೋದದ್ದು ನಾಲ್ಕು ಲಕ್ಷದ ಎಪ್ಪತ್ತು ಸಾವಿರ.