ಕಡಲು ಒಯ್ದ ಟವೆಲು

ಹಳಿಯಾಳ ಹತ್ತಿರದ ನಮ್ಮ ಮನೆಯಿಂದ,
3 ನವೆಂಬರ್ 2020

ಪ್ರೀತಿಯ ಮಗ ನಿತೇಶನಿಗೆ,

ನಿನ್ನ ಅವ್ವನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಗೋವಾದ ಆ ಮೀನಿನ ದೋಣಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬರೀ ಚಹಾ ಕುಡಿದೇ ದಿನ ದೂಡುತ್ತೀಯೋ? ನನಗೆ ಕೆಮ್ಮು ಕಡಿಮೆಯಾಗಿದೆ. ನಿನ್ನ ತಂಗಿ ಕರಿಷ್ಮಾಗೆ ಬಾಯಿರುಚಿ ತಿರುಗಿ ಬಂದಿದೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನೊಡನೆ ಜಗಳ ತೆಗೆಯುವಷ್ಟು. ಫೋನಿನಲ್ಲಿ ನೀನು ‘ಅವ್ವಾ’ ಅಂದ ಕೂಡಲೇ ನನಗೆ ಅಳು ಬರುತ್ತದೆ, ನನ್ನ ಅಳು ಕೇಳಿ ನೀನು ಫೋನ್ ಇಡುತ್ತೀ. ಅದಕ್ಕೇ ಈ ಕಾಗದ. ಪೆನ್ನು ಹಿಡಿದರೆ ನನಗೆ ಬೋರ್ಡಿಂಗ್ ಶಾಲೆಯ ಸಿಸ್ಟರ್ ಕಲಿಸಿದ ಪುಸ್ತಕದ ಕನ್ನಡವೇ ಬರುವುದು, ನಗಬೇಡ.

ನಿನ್ನ ಅಪ್ಪ ಕಾರವಾರದ ದವಾಖಾನೆಯಲ್ಲಿ ತೀರಿಕೊಂಡಾಗ ನಾನೂ ಕರಿಷ್ಮಾಳೂ ಅದೇ ಕಟ್ಟಡದ ಇನ್ನೊಂದು ವಾರ್ಡಿನಲ್ಲಿ ಅದೇ ಕೊರೊನಾ ಹತ್ತಿಸಿಕೊಂಡು ಮಲಗಿದ್ದೆವು. ಮೈತುಂಬ ಬಿಳಿ ಅಂಗಿ ತೊಟ್ಟವರು ಅವನನ್ನು ಒಯ್ದು ಮಣ್ಣು ಮಾಡಿದರು. ಮುಖ ನೋಡಲಿಲ್ಲ. ನೀನು ನಡುಗಡಲಲ್ಲಿದ್ದೆ, ಫೋನು ಹತ್ತದ ಕಡೆ. ದಡಕ್ಕೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ನೀನು ಒಂದೇ ಮಾತು ಹಿಡಿದು ಕೂತಿದ್ದೀ: ‘ಅಪ್ಪನ ಮಣ್ಣಿಗೆ ಬರದವಾ, ಈಗ ಯಾವ ಮುಖಾ ತಗೊಂಡು ಮನೀಗೆ ಬರ್ಲಿ?’ ನಮ್ಮಲ್ಲಿ ಮದುವೆಗೆ ತಪ್ಪಿದವರನ್ನು ಜನ ಮರೆಯುತ್ತಾರೆ, ಮಣ್ಣಿಗೆ ತಪ್ಪಿದವರನ್ನು ಮರೆಯುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಮಗಾ, ಗೋಡೆಯಾಚೆ ಇದ್ದ ನಾನೂ ಮಣ್ಣಿಗೆ ತಪ್ಪಿದವಳೇ.

ದವಾಖಾನೆಯಿಂದ ಬಿಟ್ಟ ಮೇಲೆ ಓಣಿಯವರು ಹೆದರಿ, ಇನ್ನೊಂದಿಷ್ಟು ದಿನ ಅಲ್ಲೇ ಇರಿ ಎಂದು ಹೇಳಿಕಳಿಸಿದರು. ಅವರ ಮೇಲೆ ಸಿಟ್ಟಾಗಬೇಡ, ನಾನು ಆಗಲೇ ನಿನ್ನ ಪಾಲಿಗೂ ಸೇರಿಸಿ ಬೈದಿದ್ದೇನೆ. ನನ್ನ ಪಕ್ಕದ ಮಂಚದಲ್ಲಿದ್ದ ಅನ್ನಪೂರ್ಣಾ ಎಂಬಾಕೆ ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ದಾಂಡೇಲಿಯಲ್ಲಿ ಪೇಪರ್ ಮಿಲ್ಲಿನ ಕೆಲಸದವರ ಮನೆಯಲ್ಲಿ ಬೆಳೆದವಳು, ಕಾರವಾರಕ್ಕೆ ಕೊಟ್ಟಿದ್ದಾರೆ. ಒಂದು ಸಂಜೆ ಅವಳೇ ಎಬ್ಬಿಸಿದಳು. ‘ದೊಡ್ಡ ಮಂದಿ ಈಗ ಎಲ್ಲೂ ಹೋಗದ ತಮ್ಮ ಊರಾಗ ಇದ್ದಕೊಂಡ ರಜಾ ಮಾಡಾಕತ್ತಾರಂತ. ನೀವೂ ಹಂಗ ತಿಳಕೋರಿ. ಗೋಡಿ ನೋಡಿ ನೋಡಿ ಸಾಯಬ್ಯಾಡ್ರಿ, ಸಮುದ್ರ ನೋಡಾಕ ಹೋಗೂಣು ಬರ್ರಿ’ ಅಂದಳು.

ಹೋದೆವು. ದಂಡೆಯ ತುಂಬ ಜನ, ಮಾಸ್ಕು ಗದ್ದದ ಮೇಲೆ, ಕೈಯಲ್ಲಿ ಚುರುಮುರಿ. ಮಕ್ಕಳು ಉಸುಕಿನಲ್ಲಿ ಮನೆ ಕಟ್ಟುತ್ತಿದ್ದವು. ನನಗೆ ಅವರೆಲ್ಲರ ಮೇಲೆ ಸಿಟ್ಟು ಬಂತು. ನನ್ನ ಗಂಡ ಸತ್ತಿದ್ದಾನೆ, ಇವರಿಗೆ ನಗು ಎಲ್ಲಿಂದ ಬರುತ್ತದೆ ಅನ್ನಿಸಿತು. ಆಗ ಒಂದು ಹುಡುಗಿ ಅಂಗೈಯಿಂದ ಉಸುಕು ತೋಡುವುದನ್ನು ನೋಡಿ ನನಗೆ ಒಂದು ಯೋಚನೆ ಹೊಳೆಯಿತು.

ಚೀಲದಲ್ಲಿ ನಿನ್ನ ಅಪ್ಪನ ಟವೆಲು ಇತ್ತು, ಕಬ್ಬು ಕಡಿಯುವಾಗ ತಲೆಗೆ ಸುತ್ತಿಕೊಳ್ಳುತ್ತಿದ್ದನಲ್ಲ, ಆ ಕೆಂಪು ಅಂಚಿನದು. ದವಾಖಾನೆಯವರು ತಿರುಗಿ ಕೊಟ್ಟದ್ದು ಅದೊಂದೇ. ಅನ್ನಪೂರ್ಣಾ ಚುರುಮುರಿ ತರಲು ಹೋದಾಗ ನಾನು ನೀರಿನ ಹತ್ತಿರ, ಹಸಿ ಉಸುಕು ಮೆತ್ತಗಿದ್ದ ಕಡೆ ಕುಣಿ ತೋಡಿದೆ. ಟವೆಲನ್ನು ಮಡಚಿ ಮಲಗಿಸಿದೆ. ‘ಬಾ, ಅಪ್ಪಗ ಮಣ್ಣು ಕೊಡು’ ಅಂದೆ. ಕರಿಷ್ಮಾ ಮೂರು ಹಿಡಿ ಹಾಕಿದಳು, ನಾನು ಮೂರು ಹಿಡಿ ಹಾಕಿದೆ. ಅಲ್ಲಿಯವರೆಗೆ ಬಾಯಿ ಬಿಡದ ಹುಡುಗಿ ಅಷ್ಟು ಜನರ ನಡುವೆ ಗೋಳೋ ಎಂದು ಅತ್ತಳು. ನನಗೂ ಎದೆ ಸ್ವಲ್ಪ ಹಗುರಾಯಿತು, ಸುಳ್ಳು ಯಾಕೆ ಹೇಳಲಿ.

ಒಣ ಉಸುಕಿಗೆ ಬಂದು ಕೂತೆವು. ಚುರುಮುರಿ ಬಂತು, ಪೊಟ್ಟಣವನ್ನು ಮಡಿಲಲ್ಲೇ ಇಟ್ಟುಕೊಂಡೆ. ತಿರುಗಿ ನೋಡಿದರೆ ಕುಣಿ ಇಲ್ಲ, ಉಸುಕು ಸಪಾಟಾಗಿದೆ, ಟವೆಲು ತೆರೆಯ ಮೇಲೆ ಹೊರಳುತ್ತಾ ದೂರ ಹೋಗುತ್ತಿದೆ! ನಾವು ಕಾಡಿನವರು. ಮಳೆ ಬಿದ್ದರೆ ಹಳ್ಳ ಏರುತ್ತದೆ ಎಂಬುದಷ್ಟೇ ಗೊತ್ತು. ಮೇಲೆ ಒಂದು ಮೋಡವಿರಲಿಲ್ಲ. ಕರಿಷ್ಮಾ ನೀರಿಗೆ ಓಡಿದಳು, ನಾನು ಅವಳ ಕೂದಲು ಹಿಡಿದು ಎಳೆದೆ. ‘ಅಯ್ಯ, ಸಮುದ್ರ ಏರಾಕ ಮಳಿ ಬೇಕಾಗಂಗಿಲ್ರೀ’ ಎಂದು ಅನ್ನಪೂರ್ಣಾ ತಾನೂ ಅಳತೊಡಗಿದಳು. ಎರಡನೆಯ ಸಲವೂ ಅವನನ್ನು ಒಯ್ದದ್ದಾಯಿತು ನೋಡು, ಈ ಸಲ ನನ್ನ ಕಣ್ಣೆದುರೇ.

ಸತ್ತವರ ಹಬ್ಬ ನಿನ್ನೆ ಆಯಿತು. ಊರವರೆಲ್ಲ ತಮ್ಮ ತಮ್ಮವರ ಗೋರಿ ತೊಳೆದು ಮೇಣದಬತ್ತಿ ಹಚ್ಚಿದರು. ಅಲ್ಲಿ ನಿನ್ನ ಅಪ್ಪನ ಗೋರಿ ಇಲ್ಲವಲ್ಲ, ನಾವಿಬ್ಬರು ಬತ್ತಿ ಹಿಡಿದು ಮನೆಗೆ ಬಂದು ಹಿತ್ತಲಲ್ಲಿ ಹಚ್ಚಿದೆವು. ನಿನ್ನ ಅಪ್ಪ ಬಾರಿಸುವ ಮುಂಚೆ ದಮಾಮಿನ ಚರ್ಮಕ್ಕೆ ಕಾವು ಕೊಡುತ್ತಿದ್ದ ಜಾಗದಲ್ಲಿ. ದಮಾಮು ಗೋಡೆಗೆ ತೂಗುತ್ತಿದೆ. ಅದನ್ನು ಇಳಿಸುವವರು ಮನೆಯಲ್ಲಿ ಯಾರೂ ಇಲ್ಲ.

ಕರಿಷ್ಮಾ ನಿನ್ನನ್ನು ನೆನೆದಿದ್ದಾಳೆ. ಯೇಸು ಮತ್ತು ನಮ್ಮ ಹಿರಿಯರು ನೀರಿನ ಮೇಲೆ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಮಾರ್ಗರೀಟಾ

ತಾ.ಕ.: ಗೋವಾಕ್ಕೆ ಹೊರಟ ದುರ್ಗಪ್ಪನ ತರಕಾರಿ ಗಾಡಿ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಅವನ ಕೈಯಲ್ಲಿ ಎರಡು ಗಂಟು ಕಳಿಸುತ್ತಿದ್ದೇನೆ, ದೊಡ್ಡದರಲ್ಲಿ ಅವಲಕ್ಕಿ ಇದೆ. ಸಣ್ಣ ಗಂಟು ತಿನ್ನುವುದಲ್ಲ, ದಮಾಮು ಕಾಯಿಸುತ್ತಿದ್ದ ಆ ಜಾಗದ ಮಣ್ಣು, ಮೂರು ಹಿಡಿ ಇದೆ. ನಿನ್ನ ಅಪ್ಪ ಈಗ ನೀನಿರುವ ನೀರಿನಲ್ಲೇ ಇದ್ದಾನೆ. ದೋಣಿಯಿಂದ ಎರಡು ಹಿಡಿ ಹಾಕು. ಮೂರನೆಯದನ್ನು ಅಲ್ಲಿ ಹಾಕಬೇಡ. ಅದನ್ನು ನೀನೇ ತಂದು ನಮ್ಮ ಹಿತ್ತಲಲ್ಲಿ ಹಾಕಬೇಕು. ಅಲ್ಲಿಯವರೆಗೆ ನಿನ್ನ ಅಪ್ಪನ ಮಣ್ಣು ಮುಗಿದಿಲ್ಲ ಮಗಾ, ನೀನು ಮಣ್ಣಿಗೆ ತಪ್ಪಿದವನಲ್ಲ.