ದೋಣಿಯ ಬೆನ್ನಿಗಿದ್ದ ಹೆಸರು

ಆನಕೋರ್ಟಿಸ್ ದೋಣಿಕಟ್ಟೆ,
ಮೇ ೧೮, ಶನಿವಾರ ಸಂಜೆ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಟೋರಾ ಚಿಕ್ಕಮ್ಮನ ಮನೆಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುತ್ತೀಯ ತಾನೇ? ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ನನಗೋ ಬರೆಯಲು ಕೂತರೆ ಬೆವರು. ಎಂಟನೇ ಕ್ಲಾಸಿಗೇ ಶಾಲೆ ಬಿಡಿಸಿ ಅಪ್ಪ ಸಾಲ್ಮನ್ ಮೀನು ಹಿಡಿಯಲು ಕರೆದೊಯ್ದದ್ದರ ಫಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಅಪ್ಪ ಹೋದ ಮೇಲೆ ನೀನು ದೋಣಿ ಹತ್ತುವುದೇ ಇಲ್ಲ ಎಂದೆಯಲ್ಲ, ಅದಕ್ಕೇ ನಮ್ಮ ಟ್ರಾಲರನ್ನು ಮಾರಲು ದೋಣಿ ಪ್ರದರ್ಶನಕ್ಕೆ ತಂದು ನಿಲ್ಲಿಸಿದ್ದೇನೆ. ಮೀನುದೋಣಿಯ ಅಚ್ಚಿನಲ್ಲೇ ಕಟ್ಟಿ, ಒಳಗೆ ಮನೆ ಮಾಡಿ, ಬೆನ್ನಿಗೆ 'ರಾಗ್ನಿಲ್ಡ್' ಎಂದು ಅಪ್ಪನೇ ನಿನ್ನ ಹೆಸರು ಬರೆದ ದೋಣಿ, ಹೊಳೆಯುವ ಬಿಳಿ ದೋಣಿಗಳ ನಡುವೆ ಕೆಲಸದ ಬಟ್ಟೆಯಲ್ಲೇ ಮದುವೆಮನೆಗೆ ಬಂದವಳ ಹಾಗೆ ನಿಂತಿದೆ. ಕೊಂಡವರು ಹೆಸರು ಅಳಿಸಿಬಿಟ್ಟರೆ ಎಂಬುದೊಂದೇ ನನ್ನ ಚಿಂತೆ. ದಲ್ಲಾಳಿ ಮಿಸೆಸ್ ಪೆಲ್ಟಿಯರ್ ಮೊದಲೇ ಹೇಳಿದ್ದರು: "ಮನೆಯವರ ಗುರುತು ಒಂದೂ ಕಾಣಬಾರದು. ಒಲೆಯಲ್ಲಿ ದಾಲ್ಚಿನ್ನಿ ಬ್ರೆಡ್ ಇಡು, ಬಾಯಿಗೆ ಬೀಗ ಹಾಕು." ಪರದೆ, ಅಪ್ಪನ ಟೋಪಿ, ನಿನ್ನ ಹೆಣಿಗೆ ಎಲ್ಲಾ ನನ್ನ ವ್ಯಾನಿನಲ್ಲಿವೆ. (ಬೀಗ ಹಾಕಿದ್ದೇನೆ, ಮತ್ತೆ ಹೋಗಿ ಎಳೆದೂ ನೋಡಿದೆ.)

ಬಾಯಿಗೆ ಬೀಗ ಮಾತ್ರ ಆಗಲಿಲ್ಲ. ಜನ ಬೂಟು ಕಳಚಿ ಕಟ್ಟೆಯ ಬುಟ್ಟಿಯಲ್ಲಿಟ್ಟು, ಬರೀ ಕಾಲುಚೀಲದಲ್ಲಿ ಒಳಗೆ ಬಂದರೆ ಜಾರಿ ಬೀಳುತ್ತಾರೇನೋ ಎಂದೊಂದು ಭಯ. ಕೊಂಡ ಮೇಲೆ ಬೈಯುತ್ತಾರೇನೋ ಎಂದು ಇನ್ನೊಂದು. "ಆ ಕಿಟಕಿ ಗಾಳಿಮಳೆಗೆ ಸೋರತ್ತೆ, ಈ ಪಂಪು ಒದ್ದರೇನೇ ಏಳೋದು" ಎಂದು ಯಾರೂ ಕೇಳದೆ ಹೇಳಿಬಿಟ್ಟೆ. "ಮಾರೋಕೆ ಬಂದಿದ್ದೀಯೋ, ಗಿರಾಕಿ ಓಡಿಸೋಕೋ?" ಎಂದರು ಪೆಲ್ಟಿಯರ್.

ಇವತ್ತು ವಿಲ್ಮಾ ಎಂಬಾಕೆ ಬಂದಳು, ಫೆರಿಯಲ್ಲಿ ಅಡುಗೆ ಮಾಡಿ ವಯಸ್ಸಾದವಳು. ಬ್ರೆಡ್ಡಿನ ಕಡೆ ತಿರುಗಿಯೂ ನೋಡದೆ ಇಂಜಿನ್ ಕೋಣೆಗೆ ಇಳಿದು, ಮಂಡಿಗೆಲ್ಲ ಮಸಿ ಮೆತ್ತಿಕೊಂಡು ಮೇಲೆ ಬಂದು, ನೇರ ನಿನ್ನ ಜಾಗದಲ್ಲೇ ಹಿಂದಕ್ಕೆ ಮುಖ ಮಾಡಿ ಕೂತಳು. ಸೂಷಿಯಾ ದ್ವೀಪದಿಂದ ಮರಳುವಾಗ ನೀನು ಅಲ್ಲೇ ಕೂತು ಏಡಿ ಬಿಡಿಸುತ್ತಾ, "ಮುಂದೆ ನೋಡೋಕೆ ನಿಮ್ಮಪ್ಪ ಇದ್ದಾರೆ, ಬಿಟ್ಟುಬಂದದ್ದನ್ನ ನಾನು ನೋಡ್ತೀನಿ" ಎನ್ನುತ್ತಿದ್ದೆ. ಅಪ್ಪ ಚುಕ್ಕಾಣಿ ಹಿಡಿದೇ "ಚಿಪ್ಪು ನೆಲಕ್ಕೆ ಹಾಕ್ಬೇಡ ಮಾರಾಯ್ತಿ" ಎಂದು ಕೂಗುತ್ತಿದ್ದ. ಆ ಡೀಸೆಲ್ ಒಲೆಯ ಬಿಸಿ ಈಗಲೂ ಅಂಗಾಲಿಗೆ ತಾಗಿದಂತಾಗುತ್ತದೆ.

ವಿಲ್ಮಾ ಕೊಳ್ಳುತ್ತೇನೆ ಎಂದಳು. "ಆದ್ರೆ ಹೆಸರು ಬೇಡಪ್ಪ, ಗುರುತಿಲ್ಲದವಳ ಮನೇಲಿ ಮಲಗಿದ ಹಾಗಾಗತ್ತೆ." ನಮ್ಮ ದೋಣಿಯವರಲ್ಲಿ ಹೊಸ ಹೆಸರಿಡುವ ಮೊದಲು ಹಳೆಯದರ ಗುರುತು ಎಲ್ಲೂ ಉಳಿಯಬಾರದು, ಅದನ್ನು ಕೆರೆಯಬೇಕಾದವರೂ ಮಾರುವವರೇ, ನಿನಗೆ ಗೊತ್ತಲ್ಲ. ಕೆರೆಯುವ ಅಲಗು ಹಿಡಿದು ಹೋದೆ. ಅಪ್ಪ ಬರೆದ ಮೊದಲ ಅಕ್ಷರಕ್ಕೆ ಆನಿಸಿದೆ, ಅಷ್ಟೇ. ಕೈ ಮುಂದಕ್ಕೆ ಹೋಗಲಿಲ್ಲ.

ಮಾತ್ರೆ ತಪ್ಪಿಸಬೇಡ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ.

ನಿನ್ನ ಮಗ,
ಐವರ್

ಮರೆತಿದ್ದೆ: ನಾನು ಕೆರೆಯದೆ ನಿಂತದ್ದನ್ನು ನೋಡಿ ವಿಲ್ಮಾ ಅಲಗು ಕಿತ್ತುಕೊಂಡಳು. "ಹೆಸರಿನವಳು ಬಂದು ನನ್ನ ಜೊತೆ ಒಂದು ಕಾಫಿ ಕುಡೀಲಿ. ಗುರುತಾದ್ರೆ ಹೆಸರು ಇರ್ಲಿ ಬಿಡು" ಎಂದಳು. ನಿನ್ನನ್ನು ಕೇಳದೆಯೇ "ಅಮ್ಮ ಬರ್ತಾಳೆ" ಎಂದುಬಿಟ್ಟೆ. ಬರುವ ಶನಿವಾರ. ಬೈಯುವುದಿದ್ದರೆ ದೋಣಿ ಹತ್ತಿದ ಮೇಲೆ ಬೈ.