ಕೈ ಬೀಸಿದ ಕಿತ್ತಳೆ ಜಾಕೆಟ್

ನನ್ನ ಛೇಂಬರ್, ಮೂರನೇ ಮಹಡಿ
ಗುರುವಾರ, ನವೆಂಬರ್ ಹದಿನಾಲ್ಕು

ಪ್ರೀತಿಯ ಕಪಿರಾಯ,

ಹೇಗಿದ್ದೀಯೋ? ಹೊಟ್ಟೆಗೇನಾದ್ರೂ ತಿಂತಿದ್ದೀಯಾ, ಕಣ್ಣಿಗೆ ನಿದ್ದೆ ಹತ್ತುತ್ತಾ? ನೀನು ಎಲ್ಲಿದ್ದೀಯ ಅಂತ ನನಗೆ ಹೇಗೆ ಗೊತ್ತಾಯ್ತು ಅಂತ ತಲೆ ಕೆಡಿಸ್ಕೋಬೇಡ. ಚಿಕ್ಕಮ್ಮನಿಗೆ ಫೋನ್ ಮಾಡಿ ಹಲೋ ಅಂದೆ ಅಷ್ಟೆ, "ಇಲ್ಲಿಗೆ ಯಾರೂ ಬಂದಿಲ್ಲಮ್ಮಾ" ಅಂದ್ಬಿಟ್ರು. ಇಂಥ ಸಾಕ್ಷಿ ಸಿಕ್ಕರೆ ಎದುರು ವಕೀಲರು ಕುರ್ಚಿ ಒರೆಸಿ ಕೂರಿಸ್ಕೋತಾರೆ. ಪಾಪ, ಅವರನ್ನ ಬೈಬೇಡ. ನೀನು ಬದುಕಿದ್ದೀಯ ಅಂತ ಗೊತ್ತಾದ ಕೂಡಲೇ ನಾನು ಕೋರ್ಟಿನ ಮೆಟ್ಟಿಲ ಮೇಲೆ ಕಪ್ಪು ಕೋಟಿನ ಸಮೇತ ಕೂತ್ಬಿಟ್ಟೆ. ನೀನು ಫೋನಿಗೆ ಬರಲ್ಲ ಅನ್ನೋದು ಗೊತ್ತು, ಅದಕ್ಕೇ ಈ ಕಾಗದ. ಭಾವ ಇವತ್ತೇ ಕಾರಲ್ಲಿ ತರ್ತಾರೆ. ವಾಪಸ್ ಬರುವಾಗ ಪಕ್ಕದ ಸೀಟಲ್ಲಿ ನೀನಿರಬೇಕು. ದಾರಿಯುದ್ದಕ್ಕೂ ಒಂದು ಪ್ರಶ್ನೆನೂ ಕೇಳಲ್ಲ ಅಂತ ಮಾತು ಕೊಟ್ಟಿದ್ದಾರೆ. ಅವರಿಗೆ ಅದೆಷ್ಟು ಕಷ್ಟ ಅಂತ ನಿನಗೇ ಗೊತ್ತು.

ಅಮ್ಮ ಪರವಾಗಿಲ್ಲ. ಪೊಲೀಸಿನವರು ಬಂದಾಗ "ಊಟದ ಹೊತ್ತಿಗೆ ಬರ್ತಾನೆ, ಕೂತ್ಕೊಳ್ಳಿ" ಅಂತ ಹೇಳಿ ಅವರಿಗೆ ಕಾಫಿ ಕೊಟ್ಟು ಒಂದು ಗಂಟೆ ಕೂರಿಸಿದ್ರಂತೆ. ಅವರು ಹೋದ ಮೇಲೆ ಬಾಗಿಲ ಚಿಲಕ ಹಿಡ್ಕೊಂಡು ನಿಂತವರು ನಾನು ಮನೆಗೆ ಬರೋವರೆಗೂ ಬಿಟ್ಟಿರಲಿಲ್ಲ. ನನಗೂ ಅಷ್ಟೇ ಕಣೋ, ಮೇಜಿನ ಮೇಲೆ ಫೋನ್ ನಡುಗಿದ್ರೆ ಎದ್ದು ನಿಂತ್ಬಿಡ್ತೀನಿ. ಬ್ಯಾರಿಸ್ಟರಮ್ಮ ಅಂತ ಊರೆಲ್ಲ ಕರೆದ್ರೆ ಏನು ಬಂತು!

ನನ್ನ ಕೆಲಸ ನಿನಗೆ ಗೊತ್ತಲ್ಲ. ಕೆಲಸದ ಜಾಗದಲ್ಲಿ ಕೈಕಾಲು ಮುರ್ಕೊಂಡವರು ಒಂದು ಕಡೆ, ಪರವಾನಗಿ ಹೋಗುತ್ತೆ ಅಂತ ನಡುಗೋ ನರ್ಸು, ಡ್ರೈವರುಗಳು ಇನ್ನೊಂದು ಕಡೆ. ಇಬ್ಬರ ಕಣ್ಣೀರಿಗೂ ಇದೇ ಮೇಜು. ಮೊನ್ನೆ ಸೋಮವಾರವೂ ಹಾಗೇ. ಎದುರಿಗೆ ಒಬ್ಬಳು ಹೆಂಗಸು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಗಂಡನ ಮೇಲೆ ಕ್ರೇನಿನಿಂದ ಕಬ್ಬಿಣದ ಕಟ್ಟು ಇಳಿಯಿತು, ಬೆನ್ನು ಮುರಿದಿದೆ, ಇನ್ನೂ ಪ್ರಜ್ಞೆ ಬಂದಿಲ್ಲ ಅಂತ ಶುರು ಮಾಡಿದಳು. ಯಾವ ಕಟ್ಟಡ ಅಂತ ಕೇಳೋ ಮೊದಲೇ ನನಗೆ ಗೊತ್ತಾಗಿತ್ತು. "ನಿಲ್ಲಿಸಮ್ಮ, ಆ ಕ್ರೇನ್ ನಡೆಸಿದವನು ನನ್ನ ತಮ್ಮ, ನಾನು ನಿನ್ನ ಕೇಸು ಹಿಡಿಯೋ ಹಾಗಿಲ್ಲ" ಅಂದೆ. ಮೇಜಿನ ಮೇಲಿದ್ದ ಕೈ ಹಿಂದಕ್ಕೆ ಎಳ್ಕೊಂಡಳು. ಬೈತಾಳೇನೋ ಅಂದ್ಕೊಂಡೆ. ಬೈಲಿಲ್ಲ. ಎದ್ದು ನಿಂತು ಆ ಚೀಲ ತೋರಿಸಿ, ಇದು ಆಸ್ಪತ್ರೆಯವರು ಗಂಡನ ಮೈಮೇಲಿಂದ ಬಿಚ್ಚಿ ಕೊಟ್ಟದ್ದು, ಆದ್ರೆ ನಮ್ಮವರದ್ದಲ್ಲ, ತೊಳೆದು ತಂದಿದ್ದೀನಿ, ಯಾರಿಗೆ ವಾಪಸ್ ಕೊಡಬೇಕು ಅಂತ ಕೇಳಿದಳು. ಒಳಗಿದ್ದದ್ದು ಕೆಳಗೆ ನಿಂತು ಕ್ರೇನಿಗೆ ಸಿಗ್ನಲ್ ಕೊಡೋನ ಕಿತ್ತಳೆ ಜಾಕೆಟ್.

ಆ ದಿನ ನೀನು ಫೋನಿನಲ್ಲಿ ಅಳ್ತಾ ಹೇಳಿದ್ದು ಆಗ ಅರ್ಥ ಆಯ್ತು. "ಅಕ್ಕಾ, ಜಾಕೆಟ್ ಕೈ ಬೀಸ್ತು, ನಾನು ಇಳಿಸ್ದೆ." ಅಷ್ಟು ಎತ್ತರದಿಂದ ಮುಖ ಎಲ್ಲಿ ಕಾಣುತ್ತೆ, ಜಾಕೆಟ್ಟೇ ನಿಮಗೆ ಮನುಷ್ಯ. ಚಳಿ ಅಂತ ಸಿಗ್ನಲಿನವನೇ ಕೊಟ್ಟನೋ, ಕಂಬಕ್ಕೆ ನೇತುಹಾಕಿದ್ದನ್ನ ಆಕೆಯ ಗಂಡನೇ ತಗೊಂಡನೋ, ಯಾರನ್ನ ನೋಡಿ ಕೈ ಬೀಸಿದನೋ, ದೇವರಿಗೇ ಗೊತ್ತು. ಸಿಗ್ನಲಿನವನು ಮಾತ್ರ ಜಾಕೆಟ್ ಮೈಮೇಲಿಂದ ತೆಗೆದೇ ಇಲ್ಲ ಅಂತ ಹೇಳಿಕೆ ಕೊಟ್ಟಾಗಿದೆ. ಜಾಕೆಟ್ಟನ್ನ ಜೋಪಾನವಾಗಿಡು ಅಂತ ಹೇಳಿ ಆಕೆಯನ್ನ ಬೇರೆ ವಕೀಲರ ಹತ್ತಿರ ಕಳಿಸಿದೆ. ಇದನ್ನೆಲ್ಲ ನಿನಗೆ ಬರೆಯೋದೇ ತಪ್ಪು. ಸಾಕ್ಷಿಯ ಕಿವಿಗೆ ಇಂಥ ಮಾತು ಹಾಕಬಾರದು, ಹಾಕಿದ್ರೆ ನನ್ನ ಕೋಟಿಗೇ ಕುತ್ತು. ಆದ್ರೂ ಬರೀತಿದ್ದೀನಿ, ಯಾಕಂದ್ರೆ ನೀನು ಅಲ್ಲಿ ಗೋಡೆಗೆ ಮುಖ ಮಾಡಿ ಕೂತು ಏನಾದ್ರೂ ಮಾಡ್ಕೊಂಡ್ಬಿಟ್ರೆ ಅನ್ನೋ ಭಯ ಎಲ್ಲಕ್ಕಿಂತ ದೊಡ್ಡದು.

ಬರೋ ಸೋಮವಾರ ನಿನ್ನ ಪರವಾನಗಿಯ ವಿಚಾರಣೆ. ನಿನ್ನ ಪರ ನಿಲ್ಲೋರು ಕೆಮ್ಮು ಸಾಹೇಬರು. ಪ್ರತಿ ಪ್ರಶ್ನೆಗೆ ಮೊದಲು ಕೆಮ್ಮೋ ನನ್ನ ಹಿರಿಯ ವಕೀಲರು, ನೆನಪಿದೆಯಲ್ಲ, ಮದುವೆಮನೆಯಲ್ಲಿ ನೀನು ಅಣಕಿಸಿ ಸಿಕ್ಕಿಬಿದ್ದಿದ್ದೆ. ನಾನು ಈ ಕಾಗದದಲ್ಲಿ ಏನು ಬರೆದಿದ್ದೀನಿ ಅನ್ನೋದನ್ನೂ ಅವರಿಗೆ ಹೇಳ್ತೀನಿ. ಸುಲಭ ಅಂತ ಸುಳ್ಳು ಹೇಳಲ್ಲ. ಮುಖ ಕಾಣದಿದ್ದ ಮೇಲೆ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳೇ ಕೇಳ್ತಾರೆ. ಎದುರು ಕಡೆ ನಾನಿದ್ರೆ ನಾನೂ ಅದನ್ನೇ ಕೇಳ್ತಿದ್ದೆ. ಆ ಪ್ರಶ್ನೆಗೆ ಗಟ್ಟಿಮುಟ್ಟಾದ ಗಂಡಸರು ಕುಸಿದು ಬಿದ್ದದ್ದನ್ನ ನೋಡಿದ್ದೀನಿ. ಆದ್ರೆ ನೀನು ಬರದಿದ್ರೆ ಖಾಲಿ ಕುರ್ಚಿಯೇ ತಪ್ಪೊಪ್ಪಿಗೆ. ಜಾಕೆಟ್ ಕೈ ಬೀಸಿದ್ದನ್ನ ಕಂಡವನು ನೀನೊಬ್ಬನೇ. ಆಕೆಯ ಗಂಡ ಹುಷಾರಾಗ್ತಾನೆ ಅಂತ ಡಾಕ್ಟರಿಗೆ ನಂಬಿಕೆ ಇದೆ. ಆಮೇಲೆ ಆತನೂ ಬಾಯಿ ಬಿಟ್ಟು ಹೇಳ್ತಾನೆ, ಎಲ್ಲ ಸರಿಹೋಗುತ್ತೆ. ಬಾ ಮಾರಾಯ.

ಚಿಕ್ಕಮ್ಮ, ಚಿಕ್ಕಪ್ಪನಿಗೆ ನಮಸ್ಕಾರ ಹೇಳು. ಅಮ್ಮ ನಿನ್ನ ತಲೆ ಸವರಿ ಆಶೀರ್ವಾದ ಮಾಡಿದ್ದಾರೆ ಅಂದ್ಕೋ.

ನಿನ್ನ ಬಜಾರಿ
ಅಕ್ಕ

ಮ.ವಿ.: ಭಾವ ಕೆಳಗೆ ಹಾರ್ನ್ ಹೊಡೀತಿದ್ದಾರೆ. ಲಕೋಟೆ ಅಂಟಿಸೋ ಹೊತ್ತಿಗೆ ಫೋನ್ ಬಂತು. ಆಸ್ಪತ್ರೆಯಲ್ಲಿದ್ದ ಆತ ಹೋಗ್ಬಿಟ್ಟ ಕಣೋ. ಎಲ್ಲ ಸರಿಹೋಗುತ್ತೆ ಅಂತ ಬರೆದದ್ದನ್ನ ಹೊಡೆದುಹಾಕೋಕೂ ಟೈಮಿಲ್ಲ. ಈಗ ಬಂದ್ರೆ ನಿನ್ನನ್ನ ಒಳಗೆ ಹಾಕಬಹುದು. ಬೇರೆ ಯಾರಾದ್ರೂ ಬರಬೇಕಾ ಅಂತ ಕೇಳಿದ್ರೆ ಸ್ವಲ್ಪ ತಡಿ, ಯೋಚನೆ ಮಾಡು ಅಂತಿದ್ದೆ. ಫೋನ್ ಮಾಡಿದ್ದು ಅವನ ಹೆಂಡತಿಯೇ. ಅವಳು ಅಳಲಿಲ್ಲ. "ಏನಾಯ್ತು ಅಂತ ಹೇಳೋಕೆ ಇನ್ನು ನಿಮ್ಮ ತಮ್ಮ ಒಬ್ಬನೇ ಉಳಿದಿರೋದು, ಬರ್ತಾನಾ?" ಅಂದಳು. ಬರ್ತಾನೆ ಅಂದ್ಬಿಟ್ಟೆ.